ರುಕ್ಮಿಯ ಮೈಗೆ ಹತ್ತದ ಔಷಧ

ಅತ್ತೆಯವರೇ,

ಎಲ್ಲಿಂದ ಶುರು ಮಾಡಲಿ? ಆರು ತಿಂಗಳಿಂದ ಈ ಮಾತು ಹೇಳದೆ ಉಳಿದಿದೆ. ನಾನು ಕೆಲಸ ಮಾಡುವ ಬೆಳಗಾವಿಯ ಔಷಧದಂಗಡಿಯಲ್ಲಿ ಗಿರಾಕಿಗಳ ಮುಂದೆ ನಿಂತಾಗಲೂ ಅದೇ ನೆನಪಾಗುತ್ತದೆ.

ಕಣಕುಂಬಿಯ ನಿಮ್ಮ ಅಂಗಳದಲ್ಲಿ ರುಕ್ಮಿ ಬಳಪ ತಿನ್ನುತ್ತಿದ್ದುದನ್ನು ಮೊದಲು ಕಂಡವರು ನೀವೇ. ನಾನೂ ನಿಮ್ಮ ಮಗನೂ ಕೆಲಸಕ್ಕೆ ಹೋಗುತ್ತೇವೆಂದು ಒಂಬತ್ತು ವರ್ಷದ ಮಗಳನ್ನು ನಿಮ್ಮ ಬಳಿ ಬಿಟ್ಟಿದ್ದೆವು. "ಸಾಲಿಗೆ ಹೋಗಿ ಬಂದ್ರ ದಮ್ಮ ಹತ್ತತೈತಿ ಇದಕ್ಕ. ಕಣ್ಣಾಗ ರಗತನ ಇಲ್ಲ" ಎಂದು ಫೋನಿನಲ್ಲಿ ಹೇಳಿದಿರಿ. ಖಾನಾಪುರದ ಡಾಕ್ಟರು ಬಳಪ ತಿನ್ನುವುದೂ ದಮ್ಮೂ ರಕ್ತಹೀನತೆಯಿಂದಲೇ ಎಂದು ಕಬ್ಬಿಣದ ಔಷಧ ಬರೆದರು. ಬಾಟಲಿಗಳನ್ನು ನಾನೇ ತಂದುಕೊಟ್ಟೆ. ಮೂರು ತಿಂಗಳಾದರೂ ರಕ್ತ ಏರಲಿಲ್ಲ.

ಆ ಭಾನುವಾರ ಬಾಜು ಮನೆಯ ಹೆಂಗಸರು ನಿಮ್ಮ ಕಟ್ಟೆಯ ಮೇಲೆ ಕುಳಿತಿದ್ದರು. ಅವರೆದುರೇ ಕೇಳಿದೆ: "ಖರೇ ಹೇಳ್ರಿ ಅತ್ತಿ, ಔಷಧ ಕುಡಿಸೀರೋ, ಚೆಲ್ಲೀರೋ?"

"ದಿನಾ ಕುಡಿಸೇನಿ. ಅಕಿ ಒಲ್ಲೆ ಅಂದ್ರೂ ಬಿಟ್ಟಿಲ್ಲ" ಎಂದಿರಿ.

"ಮತ್ತ ರಗತ ಯಾಕ ಏರಲಿಲ್ಲ?"

"ಆಯಿ ಕುಡಿಸ್ಯಾಳ ಯವ್ವಾ" ಎಂದು ಅಜ್ಜಿಯ ಪರ ನುಡಿದಳು ರುಕ್ಮಿ. ನೀವೇ ಹೇಳಿಕೊಟ್ಟ ಮಾತೆಂದುಕೊಂಡು ಅವಳನ್ನು ಎಳೆದುಕೊಂಡು ಬಸ್ಸು ಹತ್ತಿದೆ.

ಹನ್ನೆರಡನೆಯ ದಿನ ಊರಿಂದ ಫೋನ್ ಬಂತು. ನಿಮಗೆ ಎದೆನೋವಂತೆ, ಖಾನಾಪುರ ಮುಟ್ಟುವ ಮೊದಲೇ ಹೋಗಿಬಿಟ್ಟಿರಂತೆ. ಆ ಹನ್ನೆರಡು ದಿನಗಳಲ್ಲಿ ನಾನು ಒಮ್ಮೆಯಾದರೂ ಮಾತಾಡಿಸಬಾರದಿತ್ತೇ?

ಬೆಳಗಾವಿಯಲ್ಲಿ ನಾನೇ ಔಷಧ ಕುಡಿಸಿದೆ, ಒಂದು ದಿನವೂ ತಪ್ಪಿಸದೆ. ಆರು ವಾರದ ಮೇಲೆ ಪರೀಕ್ಷೆ ಮಾಡಿಸಿದರೆ ರಕ್ತ ಇದ್ದಲ್ಲೇ ಇತ್ತು. ವರದಿ ಹಿಡಿದುಕೊಂಡು ಲ್ಯಾಬಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ನಾನು ಕುಡಿಸಿದರೂ ಏರದ್ದು, ನೀವು ಕುಡಿಸಿದಾಗ ಏರಬೇಕಿತ್ತೇ?

ನೆಹರು ನಗರದ ಆಸ್ಪತ್ರೆಯಲ್ಲಿ ರುಕ್ಮಿಗೆ ಅರಿವಳಿಕೆ ಕೊಟ್ಟು, ಬಾಯಿಯಿಂದ ಕ್ಯಾಮೆರಾ ನಳಿಕೆ ಇಳಿಸಿ ಹೊಟ್ಟೆ ನೋಡಿ, ಒಳಪದರದ ಸಣ್ಣ ತುಣುಕು ತೆಗೆದು ಪರೀಕ್ಷೆಗೆ ಕಳಿಸಿದರು. ಹೊರಗೆ ಕುರ್ಚಿಯಲ್ಲಿ ಕೂರಲಾಗದೆ ನಾನು ಓಡಾಡುತ್ತಲೇ ಇದ್ದೆ. ಕೆಲವು ದಿನಗಳ ನಂತರ ಡಾಕ್ಟರಮ್ಮ ಕರೆದು ಹೇಳಿದರು: "ಜಠರದಾಗ ಬ್ಯಾಕ್ಟೀರಿಯಾ ಸೇರ್ಯಾವ್ರಿ. ಅವು ಇದ್ರ ಕೆಲವು ಮಕ್ಕಳಿಗೆ ಕಬ್ಬಿಣ ಎಷ್ಟು ಕುಡಿಸಿದ್ರೂ ಮೈಗೆ ಹತ್ತಂಗಿಲ್ಲ."

"ಅಂದ್ರ ಮೊದಲ ಮೂರು ತಿಂಗಳು ಕುಡಿಸಿದ ನಮ್ಮ ಅತ್ತಿ..."

"ದಿನಾ ಕುಡಿಸಿದ್ರೂ ಹಿಂಗ ಇರ್ತಿತ್ರಿ. ಅವರ ತಪ್ಪಲ್ಲ."

ಎರಡು ವಾರ ಆಂಟಿಬಯೋಟಿಕ್ ನುಂಗಿಸಿದೆವು. ಬಾಯಿ ಕಹಿ ಎಂದು ರುಕ್ಮಿ ರೊಟ್ಟಿ ದೂಡುತ್ತಿದ್ದಳು. ಆಮೇಲೆ ಮತ್ತೆ ಅದೇ ಕಬ್ಬಿಣದ ಔಷಧ. ಈಗ ರಕ್ತ ಏರುತ್ತಿದೆ, ಅತ್ತೆಯವರೇ. ಬಳಪದ ಚಟವೂ ಬಿಟ್ಟಿದೆ.

ಮೊನ್ನೆ ಭಾನುವಾರ ಕಣಕುಂಬಿಗೆ ಹೋಗಿ ಆ ಹೆಂಗಸರನ್ನೆಲ್ಲ ಕರೆದೆ. "ನಮ್ಮ ಅತ್ತಿ ದಿನಾ ಔಷಧ ಕುಡಿಸ್ಯಾರ. ತಪ್ಪು ನಂದು" ಎಂದೆ. ಬಾಜು ಮನೆಯ ಮುದುಕಿ ಹೇಳಿದಳು: "ನಮಗ ಗೊತ್ತಿತ್ತವಾ, ದಿನಾ ನೋಡ್ತಿದ್ವಿ. ನೀ ಹೋದಮ್ಯಾಲ ನಿನ್ನ ಬೈಯಾಕ ಹೋದ್ರ ನಿಮ್ಮತ್ತಿ ಬಿಡಲಿಲ್ಲ. ತಾಯಿ ಅಲ್ಲೇನು, ಮಗಳಿಗೇನಾತೋ ಅಂತ ಅಂಜ್ಯಾಳ ಅಂದ್ಲು."

ನೀವು ಹಾಗೆ ಅಂದದ್ದು ನನಗೆ ತಿಳಿಯಿತು ಎಂದು ಹೇಳುವುದಕ್ಕೇ ಈ ಪತ್ರ.

ನಿಮ್ಮ ಸೊಸೆ,
ಸುವರ್ಣಾ