ಸಿಹಿ ಮಣ್ಣು ಅಂದ ನಾಲಿಗೆ

ಹಂಪಸಾಗರ
15-5-2025, ಗುರುವಾರ

ನನ್ನ ಮುದ್ದಿನ ತಂಗಿ ದುರ್ಗಿಗೆ, ಮುಖ ತೋರಿಸಲಾರದ ಅಕ್ಕನ ಆಶೀರ್ವಾದ.

ನಾವೆಲ್ಲ ಆರಾಮ ಇದ್ದೇವೆ. ಹೊಳೆ ದಂಡೆಯ ಊರಾದ್ದರಿಂದ ಈ ಬಿಸಿಲಲ್ಲೂ ನೀರಿಗೆ ತೊಂದರೆಯಿಲ್ಲ. ಕೈಯಲ್ಲಿ ಫೋನ್ ಇಟ್ಟುಕೊಂಡು ಇವಳಿಗೇಕೆ ಕಾಗದದ ಹುಚ್ಚು ಎಂದು ನೀನು ನಗಬಹುದು. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನಾನು ಮತ್ತೆ ಜಾರಿಕೊಳ್ಳುತ್ತೇನೆ. ಮೂರು ವರ್ಷದಿಂದ ಅದನ್ನೇ ಮಾಡಿದ್ದೇನೆ.

ಮೊದಲು ಹೊಲದ ಮಾತು ಮುಗಿಸುತ್ತೇನೆ. ಗುಡೇಕೋಟೆಯ ಆ ಮೂರು ಎಕರೆಗೆ ಈ ವರ್ಷವೂ ಶೇಂಗಾ ಹಾಕಬೇಡ. ಕೆಳಗಿನ ಬದುವನ್ನು ಒಂದು ಕಡೆ ಒಡೆದು ಮಳೆನೀರು ಹರಿದುಹೋಗಲು ದಾರಿ ಮಾಡು. ಹಸಿರೆಲೆ ಗೊಬ್ಬರದ ಡಯಂಚ ಬಿತ್ತಿ, ಹೂ ಬಿಡುವ ಹೊತ್ತಿಗೆ ಹಸಿರಿರುವಾಗಲೇ ಉಳುಮೆ ಮಾಡಿ ಮಣ್ಣಿಗೆ ಸೇರಿಸು. ಮಸಾರಿ ನೆಲ, ಕೆಂಪು ಮರಳು ಮಣ್ಣು, ನೀರು ಹಿಡಿಯುವುದಿಲ್ಲ ಎಂದು ತಾನೇ ಅದರ ಮೇಲೆ ಕೆರೆ ಹೂಳು ಹೊಡೆಸಿದ್ದು? ಈಗ ಆ ಗುಣವೇ ನಮ್ಮನ್ನು ಕಾಯಬೇಕು. ನೀರು ಕೆಳಗಿಳಿದ ಹಾಗೆ ಉಪ್ಪೂ ಇಳಿಯುತ್ತದಂತೆ. ಇದು ನನ್ನ ಬುದ್ಧಿಯಲ್ಲ, ಕೃಷಿ ಇಲಾಖೆಯವರನ್ನು ಕೇಳಿ ಬರೆದದ್ದು. ನನ್ನ ಮಾತು ನಂಬಿ ಇನ್ನು ಹೊಲ ಮಾಡಬೇಡ.

ಯಾಕೆಂದು ಹೇಳುತ್ತೇನೆ. ತವರು ಹೊಸಹಳ್ಳಿಯಲ್ಲಿ ಅಪ್ಪ ಹೊಲದಿಂದ ಹೊಲಕ್ಕೆ ಕರೆದುಕೊಂಡು ಹೋಗಿ ನಮ್ಮಿಬ್ಬರ ನಾಲಿಗೆ ಮೇಲೆ ಚಿಟಿಕೆ ಮಣ್ಣು ಇಡುತ್ತಿದ್ದನಲ್ಲ. ನೀನು ಥೂ ಎಂದು ಉಗುಳಿ ಓಡುತ್ತಿದ್ದೆ. ಸಿಹಿ ಮಣ್ಣೋ ಉಪ್ಪಿನ ಸವಳೋ, ನಾನು ಹೇಳಿದ್ದು ತಪ್ಪುತ್ತಿರಲಿಲ್ಲ. "ನಮ್ಮ ಉಚ್ಚಂಗಿ ನಾಲಿಗಿ ಅಂದ್ರ ತಕ್ಕಡಿ" ಎಂದು ಅಪ್ಪ ಸಂತೆಯಲ್ಲೆಲ್ಲ ಹೇಳಿಕೊಂಡು ಬಂದ. ಹೊಲ ಕೊಳ್ಳುವವರು ನನ್ನನ್ನು ಕರೆಸತೊಡಗಿದರು. ಆ ಒಂದು ಮಾತಿನ ಮೇಲೆ ಐವತ್ತು ವರ್ಷ ಮೆರೆದೆ, ದುರ್ಗಿ.

ಆ ನಾಲಿಗೆ ಈಗ ಇಲ್ಲ. ಎರಡನೇ ಸಲ ಕೊರೊನಾ ಬಂದಾಗ ಹತ್ತು ದಿನ ಮಲಗಿದ್ದೆ. ಎದ್ದ ಮೇಲೆ ಉಪ್ಪು, ಹುಳಿ ಯಾವುದೂ ತಿಳಿಯಲಿಲ್ಲ. ಇಂದು ಬಂದೀತು ನಾಳೆ ಬಂದೀತು ಎಂದು ಯಾರಿಗೂ ಹೇಳಲಿಲ್ಲ. ಇವತ್ತಿಗೂ ಅಡುಗೆಗೆ ಚಮಚದಲ್ಲಿ ಅಳೆದು ಉಪ್ಪು ಹಾಕುತ್ತೇನೆ. ಮರುವರ್ಷ ಬೇಸಿಗೆಯಲ್ಲಿ ನೀನು ನನ್ನನ್ನು ಕೆರೆಯಂಗಳಕ್ಕೆ ಕರೆಸಿದೆ. ಹೂಳನ್ನು ಪರೀಕ್ಷೆಗೆ ಕಳಿಸೋಣವಾ ಎಂದು ನೀನು ಕೇಳಿದರೆ, ನಾನಿರುವಾಗ ಅದೆಲ್ಲ ಯಾಕೆ ಎಂದು ಗದರಿದೆ. ಊರಿನ ನಾಲ್ಕು ಜನ ನಿಂತು ನೋಡುತ್ತಿದ್ದರು. ಚಿಟಿಕೆ ಮಣ್ಣು ಬಾಯಿಗೆ ಹಾಕಿಕೊಂಡೆ. ಏನೂ ಗೊತ್ತಾಗಲಿಲ್ಲ. ಬಣ್ಣ ಕಪ್ಪಗಿತ್ತು, ಬೆರಳಿಗೆ ಬೆಣ್ಣೆಯ ಹಾಗಿತ್ತು. ಸಿಹಿ ಮಣ್ಣು, ಹೊಡೆಸು ಅಂದೆ.

ಎಂಬತ್ತು ಟ್ರ್ಯಾಲಿ ಹೂಳು ಬಿತ್ತು. ಮಳೆಯಾಗಿ ಬಿಸಿಲು ಬಿದ್ದ ಮೇಲೆ ಹೊಲದ ಮೇಲೆಲ್ಲ ಉಪ್ಪು ಬೆಳ್ಳಗೆ ಹಪ್ಪಳಗಟ್ಟಿತು, ಶೇಂಗಾ ಮೊಳಕೆಯಲ್ಲೇ ಸುಟ್ಟಿತು. ಅಕ್ಕನ ನಾಲಿಗೆ ತಪ್ಪುವುದಿಲ್ಲ ಅಂದ ಮೇಲೆ ತಪ್ಪು ಹೂಳು ಸಾಗಿಸಿದ ಟ್ರ್ಯಾಕ್ಟರಿನ ಜಮಾಲುದ್ದೀನನದೇ ಎಂದು ನೀನು ತೀರ್ಮಾನಿಸಿದೆ. ಕೆರೆ ಏರಿಯ ಮೇಲೆ ಎಲ್ಲರೆದುರು, "ಅಕ್ಕ ತೋರಿಸಿದ ಕುಣಿ ಬಿಟ್ಟು, ಹತ್ರ ಆಗತೈತಂತ ಸವಳು ಕುಣಿ ಮಣ್ಣು ಹೊಡದಿಯಲ್ಲೋ" ಎಂದೆ. ಅವನು ನನ್ನ ಕಡೆ ಒಮ್ಮೆ ನೋಡಿ ಟ್ರ್ಯಾಕ್ಟರ್ ಹತ್ತಿ ಹೋದ. ನಾನು ಪಕ್ಕದಲ್ಲೇ ನಿಂತು ಸೆರಗು ಸರಿಮಾಡಿಕೊಂಡೆ. ಆಮೇಲೆ ನಿಮ್ಮ ಕಡೆ ಅವನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ.

ಹೋದ ತಿಂಗಳು ಅವನು ನಮ್ಮೂರಲ್ಲೇ ಸಿಕ್ಕ. ಹೆಂಡತಿ ಮೀರಾಬಿಯನ್ನು ಗುಡೇಕೋಟೆಯಲ್ಲಿ ಬಿಟ್ಟು ಇಲ್ಲಿ ಭತ್ತದ ಮೂಟೆ ಸಾಗಿಸುತ್ತಿದ್ದಾನೆ, ಶುಕ್ರವಾರಕ್ಕೊಮ್ಮೆ ಮನೆಗೆ ಹೋಗುತ್ತಾನೆ. "ಚಲೋ ಅದೀರೇನ್ರೀ ಅಕ್ಕಾರ" ಎಂದು ಅವನೇ ಮಾತಾಡಿಸಿದ. ಮನೆಗೆ ಕರೆದು ಊಟಕ್ಕೆ ಹಾಕಿದೆ. ಒಂದು ಅಗುಳೂ ಬಿಡದೆ ಉಂಡು ಹೋದ. ಆಮೇಲೆ ಸೊಸೆ ಅರ್ಚನಾ ಸಾರು ಬಾಯಿಗಿಟ್ಟು, "ಅತ್ತಿ, ಉಪ್ಪು ಎರಡು ಸಲ ಹಾಕೀರಿ" ಎಂದಳು. ಒಲೆ ಮುಂದೆ ಕೂತು ಅತ್ತುಬಿಟ್ಟೆ. ಯಾಕೆಂದು ಅವಳಿಗೂ ಹೇಳಲಿಲ್ಲ.

ತಂಗಿ, ನಿನ್ನ ಹೊಲ ಕೆಡಿಸಿದ್ದು ನಾನು. ಅವನ ಹೆಸರು ಕೆಡಿಸಿದ್ದೂ ನಾನು. ಹೊಲಕ್ಕೆ ಮಳೆಯಾದರೂ ಇದೆ. ನನ್ನನ್ನು ಎಷ್ಟು ಬೇಕಾದರೂ ಬಯ್ಯಿ, ಆದರೆ ಅದೇ ಏರಿಯ ಮೇಲೆ, ಅದೇ ಜನರೆದುರು ಈ ಕಾಗದ ಓದಿಸು. ಬಾ ಅಂದರೆ ನಾನೇ ಬಂದು ಹೇಳುತ್ತೇನೆ.

ಇಂತಿ, ನಿನ್ನ ಕ್ಷಮೆಗೆ ಕಾದಿರುವ
ಅಕ್ಕ ಉಚ್ಚಂಗೆಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನಾನು ಹೂಳಿನ ರುಚಿ ನೋಡಿದ ದಿನ ನೀವೆಲ್ಲ ಅತ್ತ ಹೋದ ಮೇಲೆ ಜಮಾಲುದ್ದೀನನೂ ಒಂದು ಚಿಟಿಕೆ ಹೂಳು ಬಾಯಿಗೆ ಹಾಕಿಕೊಂಡ. "ಅಕ್ಕಾರ, ಉಪ್ಪು ಹತ್ತತೈತಿ, ಇನ್ನೊಮ್ಮೆ ನೋಡ್ರಿ" ಎಂದ. ಟ್ರ್ಯಾಕ್ಟರ್ ಹೊಡೆಯುವವನಿಗೆ ಮಣ್ಣಿನ ಉಸಾಬರಿ ಯಾಕೆ ಎಂದು ಬಾಯಿ ಮುಚ್ಚಿಸಿದೆ. ಏರಿಯ ಮೇಲೆ ಅವನು ಅದನ್ನು ಹೇಳಬಹುದಿತ್ತು. ನನ್ನ ಮುಖ ನೋಡಿ ಸುಮ್ಮನಾದ. ಈ ಕಾಗದ ತಂದುಕೊಟ್ಟವನೂ ಅವನೇ. ಇದರಲ್ಲಿ ಏನಿದೆ ಎಂದು ಅವನಿಗೆ ತಿಳಿಯದು. ಇದನ್ನು ಒಯ್ಯುತ್ತೀಯಾ ಅಂದಾಗ, ನೀನು ಅವನ ಕೈಯಿಂದ ಇಸಿದುಕೊಳ್ಳುತ್ತೀಯೋ ಇಲ್ಲವೋ ಎಂದಷ್ಟೇ ಕೇಳಿದ. ಇನ್ನೂ ಬಾಗಿಲ ಹೊರಗೇ ನಿಂತಿರುತ್ತಾನೆ. ಒಳಗೆ ಕರಿ.