ಐದು, ಮತ್ತೊಂದು, ಏಳು

ಅವ್ವಾ,

ನಿನ್ನ ಅಕ್ಕನ ಮೊಮ್ಮಗಳು ಅಂತ ಹೇಳಿಕೊಂಡು ಒಬ್ಬಳು ಕೀನ್ಯಾದಿಂದ ಬಂದಿದ್ದಳು, ಗಂಡನನ್ನೂ ಕರೆದುಕೊಂಡು. ನಾನು ನಂಬಲಿಲ್ಲ. ನಂಬಲಿ ಹೇಗೆ ಹೇಳು? ಹದಿನೆಂಟು ವರ್ಷದಿಂದ ಮಂಡ್ಯ–ಮಳವಳ್ಳಿ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿರುವವಳು ನಾನು. ದುಡ್ಡು ಕೊಡದೆ ನಿದ್ದೆಯ ನಾಟಕ ಆಡುವವರನ್ನು ರೆಪ್ಪೆ ನೋಡಿಯೇ ಹಿಡಿದವಳು. ನಿನಗೆ ಓದು ಬರುತ್ತಿರಲಿಲ್ಲ, ಗೊತ್ತು. ಅಲ್ಲಿ ಯಾರ ಕೈಲಾದರೂ ಓದಿಸಿಕೋ. ಆದರೆ ಕೊನೆಯ ಪುಟ ಮಾತ್ರ ಬಾಯಿ ಬಿಗಿ ಇರುವವರ ಕೈಲಿ ಓದಿಸು.

ಅವತ್ತು ಬೆಳಿಗ್ಗೆ ಗುತ್ತಲಿನ ನಮ್ಮ ಮನೆ ಬಾಗಿಲು ತಟ್ಟಿದಳು. ಹೆಸರು ಸಮೀರಾ, ಮೂವತ್ತರ ಆಸುಪಾಸು, ಅರೆಬರೆ ಕನ್ನಡ. "ಕೆಂಪಮ್ಮ ನನ್ನ ನಾನಿ. ಅವರ ತಂಗಿ ಸಣ್ಣಮ್ಮ ಇದ್ದಾರಾ?" ಅಂದಳು. ನೀನು ಹೋದ ವರ್ಷವೇ ತೀರಿಕೊಂಡೆ ಅಂದೆ. ಅವಳು ಹೊಸ್ತಿಲಲ್ಲೇ ಕುಸಿದು ಕೂತಳು. ನನಗೆ ಅದು ಸ್ವಲ್ಪ ಹೆಚ್ಚಾಯಿತು ಅನ್ನಿಸಿತು.

ದೊಡ್ಡವ್ವ ಸಕ್ಕರೆ ಕಾರ್ಖಾನೆಯ ಫಿಟ್ಟರ್ ಕರೀಮನ ಜೊತೆ ಓಡಿಹೋದದ್ದು, ಅವನಿಗೆ ಆಫ್ರಿಕಾದ ಯಾವುದೋ ಸಕ್ಕರೆ ಮಿಲ್ಲಿನಲ್ಲಿ ಕೆಲಸ ಸಿಕ್ಕಿ ಇಬ್ಬರೂ ಹಡಗು ಹತ್ತಿದ್ದು, ತಾತ ಬದುಕಿದ್ದ ಮಗಳಿಗೇ ಎಳ್ಳುನೀರು ಬಿಟ್ಟದ್ದು, ಇದೆಲ್ಲ ಗುತ್ತಲಿನಲ್ಲಿ ಯಾರಿಗೆ ಗೊತ್ತಿಲ್ಲ? ಟೀ ಅಂಗಡಿಯಲ್ಲಿ ಅರ್ಧ ಗಂಟೆ ಕೂತರೆ ಪೂರ್ತಿ ಕಥೆ ಸಿಗುತ್ತದೆ. ನೀನು ಅರವತ್ತು ವರ್ಷ ಕಾದೆ. ಪೋಸ್ಟಿನವನ ಸೈಕಲ್ ಬೆಲ್ಲು ಕೇಳಿದರೆ ಹಿಟ್ಟಿನ ಕೈಯಲ್ಲೇ ಬೀದಿಗೆ ಓಡುತ್ತಿದ್ದೆ. ಇನ್ಯಾವಳೋ ಬಂದು ಅದರ ಮೇಲೆ ನಾಟಕ ಆಡಿದರೆ ನಾನು ಸುಮ್ಮನಿರಲಾ?

ಪಕ್ಕದ ಮನೆ ಗೌರಕ್ಕ ಕಾಂಪೌಂಡಿನ ಮೇಲಿಂದಲೇ ಕತ್ತು ಹಾಕಿದಳು. "ಉಸಾರು ಕಣಮ್ಮಿ ಜಯ. ಪಾರಿನ್ನಿಂದ ಬಂದೋರು ಸುಮ್ಕೆ ಬರಾಕಿಲ್ಲ. ಜಾಗ ಕೇಳ್ತಾರೆ, ಇಲ್ಲಾ ಕಿಡ್ನಿ ಕೇಳ್ತಾರೆ."

"ನನ್ ಕಿಡ್ನೀಲಿ ಬರೀ ಕಲ್ಲೇ ಐತೆ, ತಗೊಂಡೋಗ್ಲಿ ಬುಡಕ್ಕ" ಅಂದೆ. ಅಂದೆ ಅಷ್ಟೇ, ಒಳಗೆ ಹೋಗಿ ಮನೆ ಪತ್ರ ಇಟ್ಟ ಬೀರುವಿಗೆ ಬೀಗ ಹಾಕಿದೆ.

ಎರಡು ದಿನ ರಜೆ ಹಾಕಿದೆ, ಊರು ತೋರಿಸುತ್ತೇನೆ ಅಂತ. ಉಪಚಾರಕ್ಕಲ್ಲ, ಹಿಡಿಯುವುದಕ್ಕೆ. ಮೊದಲ ದಿನ ಕಾರ್ಖಾನೆಯ ಗೇಟಿಗೆ ಕರೆದುಕೊಂಡು ಹೋದೆ, ಪೇಟೆ ಬೀದಿ ಸುತ್ತಿಸಿದೆ. ಅವಳ ಗಂಡ ಮಾತಿಲ್ಲ ಕತೆಯಿಲ್ಲ, ಫೋಟೋ ಮೇಲೆ ಫೋಟೋ. ನಮ್ಮ ಮನೆಯ ಕರೆಂಟು ಮೀಟರಿನದೂ ತೆಗೆದ. ಮೀಟರಿನ ಫೋಟೋ ಯಾರಿಗವ್ವ ಬೇಕು?

ಆಮೇಲೆ ನಾನೊಂದು ಕೆಲಸ ಮಾಡಿದೆ. ಬೈಯಬೇಡ. ನೀನೂ ದೊಡ್ಡವ್ವನೂ ಹುಟ್ಟಿದ ಮನೆ ಎಲ್ಲಿ ಅಂತ ಕೇಳಿದಾಗ ಅವರನ್ನು ಬೇರೆ ಬೀದಿಗೆ ಕರೆದುಕೊಂಡು ಹೋಗಿ, ಮೊನ್ನೆ ಮೊನ್ನೆ ಕಟ್ಟಿದ, ಹಸಿರು ಟೈಲ್ಸಿನ ಯಾರದೋ ಮನೆ ತೋರಿಸಿದೆ. "ನಿಮ್ಮ ನಾನಿ ಹುಟ್ಟಿದ್ದು ಇಲ್ಲೇ" ಅಂದೆ. ಸಮೀರಾ ಗೇಟು ಹಿಡಿದುಕೊಂಡು ಬಿಕ್ಕಿಬಿಕ್ಕಿ ಅತ್ತಳು. ಟೈಲ್ಸಿಗೆ ಹಣೆ ಮುಟ್ಟಿಸಿದಳು. ಸಿಕ್ಕಿಬಿದ್ದೆ ಮಗಳೇ ಅಂದುಕೊಂಡೆ ನಾನು. ನಿಜವಾದ ಮೊಮ್ಮಗಳಾಗಿದ್ದರೆ ನಾಡಹೆಂಚಿನ ಮನೆ, ಜಗಲಿ, ಇದ್ಯಾವುದೂ ಅಜ್ಜಿಯ ಬಾಯಿಂದ ಕೇಳಿರುವುದಿಲ್ಲವೇ? ಆದರೂ ಆ ಕಣ್ಣೀರು ನೋಡಿ ಒಂದು ಗಳಿಗೆ ಯಾಕೋ... ಇರಲಿ. ಬಸ್ಸಿನಲ್ಲಿ ಇಂಥ ಕಣ್ಣೀರು ದಿನಾ ನೋಡುತ್ತೇನೆ.

ಮರುದಿನ ರೈಲಿನಲ್ಲಿ ಮದ್ದೂರಿಗೆ ಹೋದೆವು. ಶಿಂಷಾ ಹೊಳೆ ತೋರಿಸಿ, ವಾಪಸು ಸ್ಟೇಷನ್ನಿಗೆ ಬಂದು, ವಡೆ ಕಟ್ಟಿಸಿಕೊಂಡು ಬೆಂಚಿನ ಮೇಲೆ ಕೂತೆವು. ಇವತ್ತು ನೇರವಾಗಿ ಕೇಳಿಯೇ ಬಿಡೋಣ, ಏನು ಬೇಕಾಗಿತ್ತು ತಾಯಿ ಅಂತ, ಬಾಯಿ ತೆರೆದಿದ್ದೆ. ಅವಳು ಪೊಟ್ಟಣ ಬಿಚ್ಚಿ ವಡೆ ಎಣಿಸತೊಡಗಿದಳು. "ಲಾಭ, ಎರಡು, ಮೂರು, ನಾಕು, ಐದು, ಮತ್ತೊಂದು, ಏಳು, ಎಂಟು."

ಅವ್ವಾ, ಇನ್ನೊಂದು ಸಲ ಎಣಿಸು ಅಂತ ಅವಳಿಗೆ ಹೇಳಿದೆ.

ಒಂದಕ್ಕೆ ಲಾಭ ಅನ್ನುವುದು ರಾಗಿ ಅಳೆಯುವವರಿಗೆಲ್ಲ ಗೊತ್ತು. ಆದರೆ ಆರು ಅನ್ನದೆ ಮತ್ತೊಂದು ಅನ್ನುವುದು ನಮ್ಮ ಮನೆಯೊಂದರದೇ ಅಲ್ಲವೇ? ದೀಪ ಆರುವ ಮಾತು ಎಣಿಕೆಯಲ್ಲಿ ಬರಬಾರದು ಅಂತ ನಿನ್ನಜ್ಜಿ ಮಾಡಿದ ಕಟ್ಟಳೆ. ಸ್ಕೂಲಿನಲ್ಲಿ ಕಲಿತು ಬಂದು ಆರು ಅಂದಿದ್ದಕ್ಕೆ ನೀನು ನನ್ನ ತಲೆಗೆ ಮೊಟಕಿದ್ದು ಮರೆತಿಲ್ಲ. ಈಗಲೂ ಬಸ್ಸಿನಲ್ಲಿ ತಲೆ ಎಣಿಸುವಾಗ ನನ್ನ ಬಾಯಲ್ಲಿ ಬರುವುದು ಮತ್ತೊಂದೇ. ಡ್ರೈವರ್ ಗೇಲಿ ಮಾಡುತ್ತಾನೆ. ಇದು ಯಾವ ಟೀ ಅಂಗಡಿಯಲ್ಲಿ ಸಿಗುತ್ತದೆ?

"ತಪ್ಪು ಹೇಳಿದೆನಾ?" ಅಂದಳು ಸಮೀರಾ. "ನಾನಿ ಹೀಗೇ ಎಣಿಸೋದು. ನನಗೆ ಕನ್ನಡ ಅವರೇ ಕಲಿಸಿದ್ದು."

ಹಸಿರು ಟೈಲ್ಸಿನ ಮನೆ ಸುಳ್ಳು ಅಂತ ಅಲ್ಲೇ ಒಪ್ಪಿಕೊಂಡೆ. ಅವಳು ಕಣ್ಣು ಪಿಳಿಪಿಳಿ ಬಿಟ್ಟು, ಆಮೇಲೆ ನಕ್ಕಳು. "ಹೆಂಚಿನ ಮನೆ ಕೆಡವಿ ಕಟ್ಟಿದ್ದಾರೆ ಅಂದ್ಕೊಂಡೆ." ನಗುತ್ತಲೇ ಇನ್ನೊಂದು ಮಾತು ಸೇರಿಸಿದಳು. "ಸಣ್ಣಮ್ಮ ಇದ್ದಾಗಲೇ ಒಂದು ಸಲ ಫೋನ್ ಮಾಡಿದ್ವಿ. ಫೇಸ್‌ಬುಕ್ಕಲ್ಲಿ ಯಾರೋ ನಂಬರ್ ಕೊಟ್ಟಿದ್ರು. ಒಬ್ಬ ಹೆಂಗಸು ತುಂಬಾ ಬೈದು ಕಟ್ ಮಾಡಿದ್ರು. ನಂಬರ್ ತಪ್ಪು ಅಂತ ಬಿಟ್ವಿ. ನಾನಿ ಅವತ್ತು ಊಟ ಮಾಡ್ಲಿಲ್ಲ."

ಆ ಹೆಂಗಸು ಯಾರು ಅಂತ ಅವಳಿಗೆ ಗೊತ್ತಿಲ್ಲ. ನಾನೂ ಹೇಳಲಿಲ್ಲ. ನಿನಗೆ ಹೇಳುತ್ತಿದ್ದೇನೆ.

ನಿನಗೆ ನೆನಪಿದೆಯಾ? ನೀನು ಹಾಸಿಗೆ ಹಿಡಿದಿದ್ದೆ. ನಾನು ಅಡುಗೆ ಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಫೋನಿನಲ್ಲಿ ಯಾವುದೋ ಹೆಣ್ಣುದನಿ, ನಿಮ್ಮ ತಾಯಿ ಹೆಸರೇನು, ಅವರು ಹುಟ್ಟಿದ ಊರು ಯಾವುದು, ಮನೆ ಅಡ್ರೆಸ್ ಹೇಳಿ ಅಂತ ಒಂದರ ಮೇಲೊಂದು ಪ್ರಶ್ನೆ. ಬ್ಯಾಂಕಿನ ದುಡ್ಡು ಹೊಡೆಯುವವರು ಹೀಗೇ ಕೇಳುತ್ತಾರೆ ಅಂತ ಡಿಪೋದಲ್ಲಿ ಎಲ್ಲರೂ ಹೇಳಿದ್ದರು. "ಪೊಲೀಸ್ರಿಗೆ ಇಡ್ದು ಕೊಡ್ತೀನಿ, ಬೇವರ್ಸಿ ಮುಂಡೇವಾ" ಅಂತ ಕೂಗಿ ಕಟ್ ಮಾಡಿ, ಆ ನಂಬರಿಂದ ಮತ್ತೆ ಕರೆ ಬಾರದ ಹಾಗೆ ಮಾಡಿಬಿಟ್ಟೆ. ನೀನು ಒಳಗಿನಿಂದ ಕೇಳಿದೆ, "ಯಾರಮ್ಮಿ ಅದು?" ನಾನಂದೆ, "ಯಾರೋ ಕಳ್ರು ಕಣವ್ವ, ನೀನ್ ಮನಿಕೊ."

ಅದಾದ ಮೇಲೆ ನೀನು ನಾಲ್ಕು ತಿಂಗಳು ಇದ್ದೆ. ನಾಲ್ಕು ತಿಂಗಳು! ಒಂದೇ ಒಂದು ಸಲ ತಾಳ್ಮೆಯಿಂದ "ಯಾರು ನೀವು" ಅಂತ ಕೇಳಿದ್ದರೆ...

ಸಮೀರಾ ಅಲ್ಲಿಂದಲೇ ದೊಡ್ಡವ್ವನಿಗೆ ಫೋನು ಮಾಡಿದಳು. "ನಾನಿಗೆ ಇನ್ನೂ ಹೇಳಿಲ್ಲ, ತಂಗಿ ಇಲ್ಲ ಅಂತ. ಕಣ್ಣು ಕಾಣಲ್ಲ ಅವರಿಗೆ, ನಿಧಾನಕ್ಕೆ ಹೇಳಿ" ಅಂತ ನನ್ನ ಕೈಗೆ ಕೊಟ್ಟಳು. ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡು ಹಲೋ ಅಂದೆ. ನನ್ನ ದನಿ ಥೇಟ್ ನಿನ್ನದೇ ಅಂತ ಎಲ್ಲರೂ ಅನ್ನುತ್ತಿದ್ದರಲ್ಲ, ಅದು ಆ ಹೊತ್ತಿನಲ್ಲಿ ನನ್ನ ತಲೆಗೆ ಹೊಳೆಯಲೇ ಇಲ್ಲ.

"ಸಣ್ಣೀ... ನೀನೇನಮ್ಮಿ?" ಅಂದಳು ದೊಡ್ಡವ್ವ. ಅರವತ್ತು ವರ್ಷ ಆಫ್ರಿಕಾದಲ್ಲಿದ್ದವಳ ಬಾಯಲ್ಲಿ ಅಪ್ಪಟ ಗುತ್ತಲು! "ನನ್ ಮ್ಯಾಲೆ ಇನ್ನೂ ಸಿಟ್ಟೈತೇನಮ್ಮಿ? ಒಂದ್ ಮಾತೂ ಯೋಳ್ದೆ ಬಂದ್ಬುಟ್ಟೆ. ನೀನ್ ಮನಗಿದ್ದೆ. ಎಬ್ಬುಸ್ಬೇಕು ಅಂತ ಬಗ್ಗಿದ್ದೆ ಕಣೆ, ಎಲ್ಲಿ ಅತ್ತುಬುಟ್ಟೀಯೋ ಅಂತ..."

ನಾನು ಸಣ್ಣಮ್ಮ ಅಲ್ಲ, ಅವಳ ಮಗಳು ಅಂತ ಹೇಳಬೇಕಿತ್ತು. ನಾಲಿಗೆ ತುದಿಗೂ ಬಂದಿತ್ತು. ಬಾಯಿಂದ ಹೊರಟಿದ್ದೇ ಬೇರೆ.

"ಇಲ್ಲ ಕಣಕ್ಕ, ಸಿಟ್ಟಿಲ್ಲ. ಉಂಡ್ಯಾ?"

ಆ ಕಡೆ ಅವಳು ಅಳುತ್ತಿದ್ದಳು, ಈ ಕಡೆ ನಾನು. ರೈಲು ಬಂದು ಹೋದದ್ದೂ ಗೊತ್ತಾಗಲಿಲ್ಲ. ಸಮೀರಾ ನನ್ನ ಮುಖವನ್ನೇ ನೋಡುತ್ತಿದ್ದಳು, ಫೋನು ಕಿತ್ತುಕೊಳ್ಳಲಿಲ್ಲ.

ಸಮೀರಾ ಮತ್ತು ಅವಳ ಗಂಡ ನಿನ್ನೆ ಹೊರಟರು. ಅದಕ್ಕೂ ಮುಂಚೆ ನಿಮ್ಮ ನಿಜವಾದ ಹುಟ್ಟುಮನೆ ಇದ್ದ ಜಾಗ ತೋರಿಸಿದೆ. ಈಗಲ್ಲಿ ಬೈಕ್ ರಿಪೇರಿ ಅಂಗಡಿ. ಪ್ರತಿ ಭಾನುವಾರ ಫೋನ್ ಮಾಡುತ್ತೇನೆ ಅಂತ ದೊಡ್ಡವ್ವನಿಗೆ ಮಾತು ಕೊಟ್ಟಿದ್ದೇನೆ, ನೀನಾಗಿ. ಅವಳು ಇರುವಷ್ಟು ದಿನ ಮಾಡುತ್ತೇನೆ. ಅವಳು ಅಲ್ಲಿಗೆ ಬಂದಾಗ ನನ್ನ ಸುಳ್ಳು ಬಯಲು ಮಾಡಬೇಡ.

ಅವಳಿಗಾದರೆ ನಿನ್ನ ದನಿಯಲ್ಲಿ ಸಿಟ್ಟಿಲ್ಲ ಅಂತ ಹೇಳುವುದಕ್ಕೆ ನಾನಿದ್ದೆ. ನನಗೆ ಯಾರು ಹೇಳುತ್ತಾರೆ ಅವ್ವಾ?

ನಿನ್ನ ಮಗಳು,
ಜಯ