ಗುಲ್ಷನ್ ಬರೆಯದ ಸೊನ್ನೆ

ಏಪ್ರಿಲ್ 29

...ಸೊನ್ನೆಯನ್ನು ಅಂಗಡಿಯಲ್ಲಿ ಬರೆಯಬಾರದು ಎಂದಳೋ, ಮನೆಯಲ್ಲಿ ಎಂದಳೋ. ಬರೆಯಬಾರದು ಎಂದದ್ದು ಮಾತ್ರ ಖಚಿತ.

ಗುಲ್ಷನ್. ನಲವತ್ತರ ಆಸುಪಾಸು. ಶಿವಾಜಿನಗರದಲ್ಲಿ ಅಕ್ಕಿ ಅಂಗಡಿ ಇತ್ತು. ಈಗ ಶಾಲೆಯೊಂದರಲ್ಲಿ ಟೆಂಪರರಿ ಆಯಾ. ಹಲಸೂರಿನ ನನ್ನ ಸಂಜೆ ಟ್ಯೂಷನ್‌ನಲ್ಲಿ ಎಲ್ಲರಿಗಿಂತ ಚುರುಕು. f(x) = x² − 9. x ಮೂರಾದರೆ? ಒಂಬತ್ತರಲ್ಲಿ ಒಂಬತ್ತು ಕಳೆದಳು. ಗೆರೆ ಎಳೆದಳು. ಕೆಳಗೆ ಖಾಲಿ.

"ಉತ್ತರ ಎಲ್ಲಿ?"

"ಗೊತ್ತಲ್ಲಾ ಸಾರ್."

"ಗೊತ್ತಿದ್ರೆ ಬರೀರಿ."

"ನಮ್ಮಲ್ಲಿ ಅಕ್ಕಿ ಮುಗಿದ್ರೂ ಇಲ್ಲ ಅನ್ನಲ್ಲ ಸಾರ್. ಜಾಸ್ತಿ ಆಗಿದೆ, ನಾಳೆ ಬನ್ನಿ ಅಂತೀವಿ. ಸೊನ್ನೆ ಬರೆದ್ರೆ ಬರ್ಕತ್, ಮನೆ ಏಳಿಗೆ, ಹೋಗ್ಬಿಡುತ್ತೆ."

ಪಕ್ಕದಲ್ಲಿ ಜಟ್ಟೆಮ್ಮ — ಯಾದಗಿರಿಯವಳು, ದೊಮ್ಮಲೂರಿನ ಆಫೀಸಿನಲ್ಲಿ ಹೌಸ್‌ಕೀಪಿಂಗ್ — ಕಿಸಕ್ಕೆಂದಳು. "ಸೊನ್ನಿಗೆ ಯಾಕ ಅಂಜ್ತಿ ಅಕ್ಕಾ? ನನಗ ಎಲ್ಲಾದಕ್ಕೂ ಅದೇ ಬರ್ತದ."

ನನ್ನ ಅಮ್ಮನೂ ದೀಪ ಆರಿತು ಎನ್ನುತ್ತಿರಲಿಲ್ಲ. ದೊಡ್ಡದಾಯಿತು ಎನ್ನುತ್ತಿದ್ದಳು. ಇದನ್ನು ಅವರಿಗೆ ಹೇಳಲಿಲ್ಲ.

ಮೇ 2

ಗುಲ್ಷನ್‌ಗೆ ಹೋದ ಸಲ ಹತ್ತನೇ ಕ್ಲಾಸ್ ಗಣಿತ ಎರಡೇ ಅಂಕದಲ್ಲಿ ಹೋಯಿತಂತೆ. ಖಾಲಿ ಬಿಟ್ಟ ಉತ್ತರಗಳದ್ದೇ ಇರಬೇಕು. ಈ ಸಲ ಪಾಸಾದರೆ ಕೆಲಸ ಕಾಯಂ. ಇಲ್ಲವಾದರೆ ಜೂನ್‌ನಿಂದ ಬೇರೆ ಆಯಾ ಬರುತ್ತಾಳೆ. ಹೆಡ್‌ಮಿಸ್ ಖಡಾಖಂಡಿತ ಹೇಳಿದ್ದಾರೆ.

ಮೇ 6

ಸಂಭವನೀಯತೆ. ಚೀಲದಲ್ಲಿ ಐದು ಚೆಂಡು, ಐದೂ ಕೆಂಪು. ಕಪ್ಪು ಚೆಂಡು ಬರುವ ಸಂಭವನೀಯತೆ?

ಖಾಲಿ.

"ಕಪ್ಪು ಒಳಗೆ ಇಲ್ವೇ ಇಲ್ಲ," ಎಂದೆ ಗುಲ್ಷನ್‌ಗೆ. "ಎಷ್ಟು ಕಾದ್ರೂ ಬರಲ್ಲ."

"ನೀವು ಕೈ ಹಾಕಿ ನೋಡಿದೀರಾ ಸಾರ್?"

ಜಟ್ಟೆಮ್ಮ ಈ ಸಲ ನಗಲಿಲ್ಲ. ಎಲ್ಲ ಹೋದ ಮೇಲೆ ಬಾಗಿಲಲ್ಲಿ ನಿಂತು ಹೇಳಿದಳು. ಗುಲ್ಷನ್ ಗಂಡ ಕರೀಂ. ಹೋದ ವರ್ಷ ರಂಜಾನ್ ಮುಗಿಸಿ, ಅಕ್ಕಿ ವ್ಯಾಪಾರಕ್ಕೆಂದು ಕೃಷ್ಣರಾಜಪುರದಲ್ಲಿ ರೈಲು ಹತ್ತಿದವರು. ಬಂದಿಲ್ಲ. "ಇನ್ನ ಇಲ್ಲಂತ ತಿಳ್ಕೊ ಅಂತ ಎಲ್ಲಾರೂ ಅಂತಾರ್ರೀ ಸರ. ಆಕಿ ಕೇಳಂಗಿಲ್ಲ. ದಿನಾ ಆತನ ಊಟದ ತಾಟ ಇಡ್ತಾಳ."

ಮೇ 7

ಆದರೂ ಅಂಕ ಅಂಕವೇ. ಹೇಳಿಬಿಟ್ಟೆ.

"ಪೇಪರ್ ತಿದ್ದೋರಿಗೆ ನಿಮ್ಮ ಮನೆ ವಿಷಯ ಗೊತ್ತಿರಲ್ಲ. ನೀವು ಖಾಲಿ ಬಿಟ್ರೆ ಅವರು ಅಲ್ಲಿ ಸೊನ್ನೆನೇ ಹಾಕೋದು."

ಗುಲ್ಷನ್ ಪುಸ್ತಕ ಮುಚ್ಚಿದಳು. ಕ್ರೂರ ಮಾತು... ಆದರೆ ಲೆಕ್ಕ ಸರಿ.

ಮೇ 19

ಗುಲ್ಷನ್ ಇಷ್ಟು ದಿನ ಬರಲಿಲ್ಲ. ಇವತ್ತು ಬಂದು ತನ್ನ ಜಾಗದಲ್ಲೇ ಕೂತಳು. ಜಟ್ಟೆಮ್ಮ ಕೈ ಹಿಡಿದುಕೊಂಡಳು.

"ರೈಲ್ವೆ ಪೊಲೀಸ್ ಕರೆದಿದ್ರು ಸಾರ್. ಹಳಿ ಪಕ್ಕ ಪೊದೇಲಿ ಮೂಳೆ ಸಿಕ್ತಂತೆ. ವಾಚ್ ತೋರಿಸಿದ್ರು. ಸ್ಟ್ರಾಪ್ ನಾನೇ ಹೊಲಿದಿದ್ದು." ಚೀಲದಿಂದ ಪೆನ್ನು ತೆಗೆದಳು. "ಇವರದೇ ಅಂತ ಸೈನ್ ಹಾಕ್ಬಿಟ್ಟು ಬಂದೆ. ಟೆಸ್ಟ್ ಕೊಡಿ."

"ಇವತ್ತು ಬೇಡ."

"ಕೊಡಿ ಸಾರ್."

ಮೇ 19, ರಾತ್ರಿ 8

ಅವಳ ಪೇಪರ್ ಮುಂದಿದೆ. ಎಲ್ಲ ಸರಿ. ಕೊನೆಯ ಪ್ರಶ್ನೆ ಅದೇ ಚೀಲ, ಅದೇ ಐದು ಕೆಂಪು ಚೆಂಡು. ಕೆಳಗೆ ಖಾಲಿ ಇಲ್ಲ. ಸೊನ್ನೆ. ದುಂಡಗೆ, ದೊಡ್ಡದಾಗಿ. ಪೆನ್ನು ಮತ್ತೆ ಮತ್ತೆ ಸುತ್ತಿ ಕಾಗದ ಹರಿದಿದೆ.

ಪಾಸಾಗುತ್ತಾಳೆ. ನಾನು ಬರೆಯಿರಿ ಎಂದದ್ದೂ ಇದನ್ನೇ. ಕೆಂಪು ಪೆನ್ನಿನ ಮುಚ್ಚಳ ತೆಗೆದು ಕೂತಿದ್ದೇನೆ.

ಕರೀಂ ಅವರೇ, ನಿಮ್ಮನ್ನು ನಾನು ನೋಡಿಯೂ ಇಲ್ಲ... ಇದಕ್ಕೆ ಸರಿ ಗುರುತು ಹಾಕಲೇ?